ಇಟ್ಟಿಗೆ ಗೂಡಿಗೆ ಹೋದ ಮುಯ್ಯಾಳುಗಳು

ಹೋದ ಸಲ ರಜೆಗೆ ಬಂದಾಗ ನೀವಿಬ್ಬರೂ ನಮ್ಮ ಬಚ್ಚಲಿನ ನೀರೊಲೆ ನೋಡಿ ನಕ್ಕಿರಿ. ‘ಅಜ್ಜೀ, ಇದನ್ನ ಕಟ್ಟಿದೋರು ಕಣ್ಮುಚ್ಕೊಂಡು ಕಟ್ಟಿದ್ರಾ?’ ಎಂದು ಚಿಕ್ಕವಳು ಕೇಳಿದಳು. ನಿಜ, ಅದರಲ್ಲಿ ಒಂದು ಇಟ್ಟಿಗೆಯೂ ನೆಟ್ಟಗಿಲ್ಲ. ಕೆಲವು ಬೆನ್ನು ಬಾಗಿದ ಮುದುಕರ ಹಾಗಿವೆ, ಕೆಲವು ಒಂದು ಮಗ್ಗುಲಿಗೆ ಕುಸಿದಿವೆ. ಆಗ ನಾನು ನೀರು ಕಾದಿದೆಯೇ ನೋಡುವ ನೆಪದಲ್ಲಿ ಮಾತು ಹಾರಿಸಿದೆ. ಎದುರಿಗೆ ಕೂತು ಕಥೆ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಕಡೆ ತಿರುಗಿದರೆ ಸೆರಗು ತಾನಾಗಿ ಬಾಯಿಗೆ ಹೋಗುತ್ತದೆ. ಊರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಬಿಟ್ಟಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಆ ಇಟ್ಟಿಗೆಗಳು ಸೊಟ್ಟಗಾದದ್ದು ನನ್ನ ಕೈಯಿಂದಲೇ. ಅವುಗಳ ಹಿಂದೆ ಒಬ್ಬಳು ಹುಡುಗಿ ಇದ್ದಾಳೆ, ಒಬ್ಬರು ನರ್ಸಮ್ಮ ಇದ್ದಾರೆ. ಇಬ್ಬರ ವಿಷಯವೂ ನಿಮಗೆ ಗೊತ್ತಿರಬೇಕು.

ನಿಮ್ಮಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನೀವೆಲ್ಲ ಕೆ.ಜಿ.ಎಫ್. ಕ್ವಾರ್ಟರ್ಸಿಗೆ ಹೋಗಿದ್ದಿರಿ. ಊರಿನ ಮನೆಯಲ್ಲಿ ನಾನು, ನನ್ನ ಅತ್ತೆ, ಎರಡು ಹಸು. ಅತ್ತೆ ಅಂದರೆ ನಿಮ್ಮ ಮುತ್ತಜ್ಜಿ. ಕಣ್ಣು ಮಂಜಾಗಿತ್ತು, ಬಾಯಲ್ಲಿ ಹಲ್ಲು ಒಂದೂ ಇರಲಿಲ್ಲ, ನಾಲಿಗೆ ಮಾತ್ರ ಹರಿತವಾಗಿಯೇ ಇತ್ತು. ನಮ್ಮ ಹೊಲ ಮುಗಿಯುವ ಕಡೆ ಕೆರೆಯಂಗಳ, ಅದರ ಪಕ್ಕಕ್ಕೆ ಇಟ್ಟಿಗೆ ಗೂಡು. ಪ್ರತಿ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ಯಾದಗಿರಿ ಕಡೆಯಿಂದ ಸಂಸಾರಗಳು ಬಂದು ಇಳಿಯುತ್ತಿದ್ದವು, ಮುಂಗಾರು ಹಿಡಿಯುವ ಮೊದಲು ಹೊರಟು ಹೋಗುತ್ತಿದ್ದವು. ಗಂಡ ಮಣ್ಣು ತುಳಿದು ಹದ ಮಾಡಬೇಕು, ಹೆಂಡತಿ ಹೊತ್ತು ತರಬೇಕು, ಇಬ್ಬರೂ ಕುಕ್ಕರುಗಾಲಲ್ಲಿ ಕೂತು ಅಚ್ಚು ಹಾಕಬೇಕು. ಮೇಸ್ತ್ರಿ ಅವರನ್ನು ಎಣಿಸುತ್ತಿದ್ದುದೇ ಜೋಡಿ ಎಂದು. ‘ಈ ಸಲ ಎಷ್ಟು ಜೋಡಿ ಬಂದವ್ರೆ’ ಎನ್ನುತ್ತಿದ್ದನೇ ಹೊರತು ಎಷ್ಟು ಜನ ಎಂದಲ್ಲ. ಊರಿನವರಾದ ನಾವು ಅವರೊಂದಿಗೆ ಹೆಚ್ಚು ಬೆರೆತವರಲ್ಲ. ಹೆಂಗಸರು ಹಾಲಿಗೆ ಬರುತ್ತಿದ್ದರು, ನಾನು ಅಳೆದು ಹಾಕುತ್ತಿದ್ದೆ, ಅಷ್ಟೆ.

ಆ ವರ್ಷ ನಮ್ಮ ಕಡೆಯ ಹಳ್ಳಿಗಳಿಗೆ ಹೊಸ ನರ್ಸಮ್ಮ ಬಂದರು. ನಿಮ್ಮ ಕೆ.ಜಿ.ಎಫ್.ನ ಆಂಡರ್ಸನ್‌ಪೇಟೆಯಲ್ಲಿ ಹುಟ್ಟಿ ಬೆಳೆದವರು. ಸ್ಕೂಟರಿನಲ್ಲಿ ಬರುತ್ತಿದ್ದರು. ಅಳುವ ಮಗುವಿನೊಂದಿಗೆ ತೆಲುಗು, ಮೇಸ್ತ್ರಿಯೊಂದಿಗೆ ತಮಿಳು, ನಮ್ಮೊಂದಿಗೆ ಕನ್ನಡ. ಸಿಟ್ಟು ಬಂದರೆ ಮೂರೂ ಒಟ್ಟಿಗೆ. ಗೂಡಿನಲ್ಲಿ ಬಸುರಿಯರು ಇದ್ದಾರೆ ಎಂದು ತಿಳಿದು ಅವರು ಮತ್ತೆ ಮತ್ತೆ ಅಲ್ಲಿಗೆ ಹೋದರು. ಪ್ರಯೋಜನವಾಗಲಿಲ್ಲ. ಅಲ್ಲಿನ ಗುಡಿಸಲುಗಳಿಗೆ ಬಾಗಿಲಿಲ್ಲ, ಒಂದು ಹಳೆ ಸೀರೆ ಇಳಿಬಿಟ್ಟಿರುತ್ತಾರೆ. ಹೊರಗೆ ಗಂಡಸರು ಓಡಾಡುತ್ತಿರುವಾಗ ಯಾವ ಹೆಂಗಸು ಹೊಟ್ಟೆ ಮುಟ್ಟಿಸಿಕೊಳ್ಳಲು ಮಲಗುತ್ತಾಳೆ? ಅಂಗನವಾಡಿಗೆ ಹೋಗಬೇಕಾದರೆ ಊರಿನ ಅರಳಿಕಟ್ಟೆ ದಾಟಬೇಕು, ಅಲ್ಲಿ ಯಾವಾಗಲೂ ಗಂಡಸರ ಸಾಲು. ಬಂಗಾರಪೇಟೆ ಆಸ್ಪತ್ರೆಗೆ ಹೋಗುವುದಾದರೆ ಮೇಸ್ತ್ರಿಯೇ ಆಟೋದಲ್ಲಿ ಕರೆದುಕೊಂಡು ಹೋಗಿ, ಪಕ್ಕದಲ್ಲೇ ನಿಂತು, ಇವಳಿಗೆ ಹೀಗಂತೆ ಎಂದು ತಾನೇ ಹೇಳುತ್ತಿದ್ದ. ಅವನು ಕೆಟ್ಟವನಲ್ಲ. ಆದರೆ ಹೆಂಗಸಿನ ತೊಂದರೆಯನ್ನು ಹೆಂಗಸು ಮೇಸ್ತ್ರಿಯ ಕಿವಿಗೆ ಹೇಗೆ ಹಾಕುತ್ತಾಳೆ? ಸುಮ್ಮನೆ ಜ್ವರ ಎಂದು ಹೇಳಿ ಜ್ವರದ ಮಾತ್ರೆ ನುಂಗಿ ಬರುತ್ತಿದ್ದರು.

ಒಂದು ದಿನ ನರ್ಸಮ್ಮ ಗೂಡಿನಿಂದ ಸೋತು ಬಂದು ನಮ್ಮ ಜಗಲಿಯಲ್ಲಿ ಕೂತು ನೀರು ಕೇಳಿದರು. ನೀರು ಕುಡಿಯುತ್ತ ಒಳಗೆ ಇಣುಕಿ, ‘ಗಂಡಸ್ರು ಯಾರೂ ಇಲ್ವಾ ಮಾ ಮನೇಲಿ?’ ಎಂದರು.

ನನಗಿಂತ ಮೊದಲು ಅತ್ತೆ ಹೇಳಿದರು: ‘ಯಾಕಿಲ್ಲ, ಇಬ್ರೂ ಗೋಡೆ ಮೇಲವ್ರೆ. ಏನ್ ಕೆಲ್ಸ ಏಳು, ಕರೀತೀನಿ.’

ನರ್ಸಮ್ಮ ತಲೆಯೆತ್ತಿ ನೋಡಿದರು. ನಡುಮನೆಯ ಗೋಡೆಯಲ್ಲಿ ನನ್ನ ಮಾವನವರ ಫೋಟೋ, ಅದರ ಪಕ್ಕದಲ್ಲಿ ನಿಮ್ಮ ತಾತನ ಫೋಟೋ. ಅವರಿಗೆ ಕುಡಿದ ನೀರು ಮೂಗಿಗೆ ಹತ್ತಿತು. ನಗು ನಿಂತ ಮೇಲೆ ನನ್ನ ಕೈ ಹಿಡಿದು, ಗೂಡಿನ ಗಂಡಸರೆಲ್ಲ ಸಂತೆಗೆ ಹೋಗುವ ದಿನ ಮಧ್ಯಾಹ್ನ ಆ ನಡುಮನೆಯನ್ನು ಬಿಟ್ಟುಕೊಡುತ್ತೀರಾ ಎಂದು ಕೇಳಿದರು.

ನಾನು ತಡವರಿಸಿದೆ. ಮದುವೆ, ಸೀಮಂತ ಎಂದರೆ ಅತ್ತೆಯೂ ನಾನೂ ಹಿಂದಿನ ಸಾಲಿನಲ್ಲಿ ನಿಲ್ಲುವವರು. ಬಸುರಿಯರಿಗೆ ಬಾಗಿಲು ತೆಗೆಯುವವಳು ನಾನಾದರೆ ಊರಿನಲ್ಲಿ ಏನಂದಾರು? ಅದನ್ನು ಹೇಗೋ ಬಾಯಿಬಿಟ್ಟು ಹೇಳಿದೆ. ‘ಗಂಡಸಿಲ್ಲದ ಮನೆ ಅಂತಾನೇ ಕೇಳ್ತಿರೋದು ಮಾ,’ ಎಂದರು ಅವರು. ‘ಇಂಥ ಮನೆ ನಿಮ್ಮೂರಲ್ಲಿ ಇನ್ನೊಂದು ತೋರಿಸಿ, ಅಲ್ಲಿಗೇ ಹೋಗ್ತೀನಿ.’ ನಮ್ಮ ಮನೆಯ ಆ ಕೊರತೆಯನ್ನು ಬೇಕು ಎಂದು ಕೇಳಿಕೊಂಡು ಬಂದವರು ಅವರೊಬ್ಬರೇ.

ಮೊದಲ ಮಧ್ಯಾಹ್ನ ಗೂಡಿನ ಹೆಂಗಸರು ಹಾಲಿನ ಪಾತ್ರೆ ಹಿಡಿದುಕೊಂಡೇ ಬಂದರು, ಯಾರಾದರೂ ಕೇಳಿದರೆ ಹಾಲಿಗೆ ಎನ್ನಬಹುದಲ್ಲ. ಅವರೆಕಾಯಿ ಕಾಲ. ನಾನು ಮೊರದ ತುಂಬ ಕಾಯಿ ಸುರಿದು ಸುಲಿಯುತ್ತ ಕೂತಿದ್ದೆ. ಸರದಿ ಕಾಯುವವರು ಕೇಳದೆಯೇ ಒಂದೊಂದು ಹಿಡಿ ಎತ್ತಿಕೊಂಡು ಸುಲಿಯತೊಡಗಿದರು. ಕೈಗೆ ಕೆಲಸವಿದ್ದರೆ ನಾಚಿಕೆ ಕಡಿಮೆ, ಇದು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ಒಳಗೆ ಮಂಚದ ಮೇಲೆ ಮಲಗಲು ಹೋದ ಮೊದಲನೆಯವಳು ಗೋಡೆ ನೋಡಿ ಎದ್ದು ಕೂತಳು. ‘ಹಿರೇರು ನೋಡ್ಲಿಕತ್ತಾರ್ರಿ,’ ಎಂದಳು. ನಾನು ಓಡಿ ಎರಡು ಫೋಟೋಗಳ ಮೇಲೂ ಟವೆಲು ಹೊದಿಸಿದೆ.

ಅತ್ತೆ ಜಗಲಿಯಿಂದಲೇ ಅಂದರು: ‘ಬದುಕಿದ್ದಾಗ್ಲೇ ಏನೂ ನೋಡ್ತಿರ್ಲಿಲ್ಲ ಆ ಮನುಷ್ಯ. ಈಗ್ಯಾಕೆ ಮುಚ್ತೀಯೇ?’

ಎಲ್ಲರೂ ನಕ್ಕರು. ಆ ಮೇಲೆ ಪ್ರತಿ ವಾರ ಬಂದರು. ಒಬ್ಬಳಿಗೆ ಬಿಳಿ ಸೆರಗಿನ ತೊಂದರೆ, ಒಬ್ಬಳಿಗೆ ತಿಂಗಳುಗಟ್ಟಲೆ ನಿಲ್ಲದ ರಕ್ತ, ಒಬ್ಬಳಿಗೆ ವರ್ಷಕ್ಕೊಂದು ಹೆರಿಗೆಯಾಗಿ ಸಾಕಾಗಿತ್ತು. ತಾಯಿ ಕಾರ್ಡು ತಮ್ಮ ಊರಿನಲ್ಲಿ ತಮ್ಮ ಅತ್ತೆಯರ ಪೆಟ್ಟಿಗೆಯಲ್ಲಿದೆ, ಆದ್ದರಿಂದ ಇಲ್ಲಿ ತಮ್ಮನ್ನು ಯಾರೂ ನೋಡುವುದಿಲ್ಲ ಎಂದೇ ಬಸುರಿಯರು ತಿಳಿದಿದ್ದರು. ನರ್ಸಮ್ಮ ಅವರಿಗೆಲ್ಲ ಇಲ್ಲಿಯೇ ಕಾರ್ಡು ಮಾಡಿಸಿದರು. ಯಾರನ್ನೂ ಗದರಲಿಲ್ಲ. ‘ಮೊದ್ಲೇ ಯಾಕ್ ಬರಲಿಲ್ಲ’ ಎಂಬ ಮಾತು ಅವರ ಬಾಯಲ್ಲಿ ನಾನು ಕೇಳಲಿಲ್ಲ. ಯಾಕೆ ಬರಲಿಲ್ಲ ಎಂದು ಅವರು ಗೂಡಿಗೆ ಹೋಗಿ ಕಣ್ಣಾರೆ ನೋಡಿದ್ದರು.

ಆ ಹುಡುಗಿ ಬಂದದ್ದು ಎರಡನೆಯ ವಾರವೋ ಮೂರನೆಯ ವಾರವೋ. ಸಣ್ಣ ಆಳು, ದೊಡ್ಡ ಹೊಟ್ಟೆ, ಬಾಯಿ ತುಂಬ ಮಾತು. ಅವರೆಕಾಯಿ ಸುಲಿಯುವುದರಲ್ಲಿ ನನ್ನನ್ನೂ ಸೋಲಿಸುತ್ತಿದ್ದಳು. ಮೊದಲ ದಿನವೇ ನನ್ನನ್ನು ‘ಯವ್ವಾ’ ಎಂದು ಕರೆದಳು. ನರ್ಸಮ್ಮ ಅವಳ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದರು, ಕಾಲಿನ ಊತ ಒತ್ತಿ ನೋಡಿದರು.

‘ಇದು ಎಷ್ಟನೇದು ಮಾ?’

‘ಎರಡನೇದ್ರಿ. ಮೊದಲಿಂದು ಉಳೀಲಿಲ್ಲ,’ ಎಂದು ಹುಡುಗಿ ಕೈಯಲ್ಲಿದ್ದ ಅವರೆಕಾಯಿ ಬಿಡಿಸುತ್ತಲೇ ಹೇಳಿದಳು. ‘ಬ್ಯಾರೆ ಇಟ್ಟಂಗಿ ಭಟ್ಟ್ಯಾಗ ಇದ್ದಿವ್ರಿ ಆಗ. ತಲಿ ಸಿಡೀತಿತ್ತು, ಕಣ್ಣಿಗೆ ಕತ್ತಲಿ ಬಂತು. ಟ್ರ್ಯಾಕ್ಟರದಾಗ ಹಾಕ್ಕೊಂಡು ಹೊಂಟಿದ್ರು. ದಾರ್ಯಾಗ ಆತು.’ ಆಮೇಲೆ ಕಾಳನ್ನು ಮೊರಕ್ಕೆ ಹಾಕಿ, ‘ಈ ಕೂಸು ಉಳೀತದಲ್ರಿ?’ ಎಂದು ಕೇಳಿದಳು. ಅವಳ ಮಾತು ಅಷ್ಟು ಮೆಲ್ಲಗೆ ಬಂದದ್ದು ಆಗ ಒಂದೇ ಸಲ.

ನರ್ಸಮ್ಮ ಉಳಿಯುತ್ತದೆ ಎಂದು ಸುಮ್ಮನೆ ಹೇಳಿಬಿಡಲಿಲ್ಲ. ಬಿಪಿ ಜಾಸ್ತಿ ಇದೆ, ವಾರವಾರವೂ ಬಂಗಾರಪೇಟೆ ಆಸ್ಪತ್ರೆಯಲ್ಲಿ ಹೆಂಗಸರ ಡಾಕ್ಟರಿಗೆ ತೋರಿಸಬೇಕು, ಅವರು ಹೇಳಿದ ದಿನ ನೋವು ಬರುವ ಮೊದಲೇ ಹೋಗಿ ಸೇರಬೇಕು, ಹಾಗೆ ಮಾಡಿದರೆ ಇಬ್ಬರೂ ಉಳಿಯುವ ದಾರಿ ಇದೆ ಎಂದರು. ಮೇಸ್ತ್ರಿಯ ಜೊತೆ ಅಲ್ಲ, ನನ್ನ ಜೊತೆ ಬಾ ಎಂದರು. ಹುಡುಗಿ ತಲೆ ಆಡಿಸಿದಳು. ಆದರೆ ಆಸ್ಪತ್ರೆಯ ಆ ದಿನ ಸಂತೆಯ ದಿನವಲ್ಲ, ಕೆಲಸದ ದಿನ. ಅವಳು ಹೋದರೆ ಜೋಡಿ ಮುರಿಯುತ್ತದೆ. ಮೊದಲ ವಾರ ಅವಳು ಹೋಗಲಿಲ್ಲ.

ನರ್ಸಮ್ಮ ಗೂಡಿಗೆ ಹೊರಟರು. ‘ನೀವೂ ಬನ್ನಿ ಮಾ, ಸುಮ್ನೆ ನನ್ ಪಕ್ಕ ನಿಂತ್ಕೊಳ್ಳಿ ಸಾಕು’ ಎಂದು ನನ್ನನ್ನೂ ಕರೆದರು. ಸುಮ್ಮನೆ ನಿಲ್ಲುವುದಾದರೆ ನನಗೆ ಬರುತ್ತದೆ ಎಂದು ಹೋದೆ. ಗೂಡಿನಂಗಳದಲ್ಲಿ ಹಸಿ ಇಟ್ಟಿಗೆಯ ಸಾಲುಗಳು. ಹುಡುಗಿ ಆ ಹೊಟ್ಟೆಯಲ್ಲಿಯೂ ತಲೆಯ ಮೇಲೆ ಮಣ್ಣು ಹೊತ್ತು ಬರುತ್ತಿದ್ದಳು. ಮೇಸ್ತ್ರಿ ನರ್ಸಮ್ಮ ಹೇಳಿದ್ದನ್ನೆಲ್ಲ ಕೇಳಿ ತಲೆ ಕೆರೆದುಕೊಂಡ.

‘ನಾನೇನ್ ಬ್ಯಾಡ ಅಂದ್ನಾ ಸಿಸ್ಟರ್? ಒಂದ್ಸಲ ಆದ್ರೆ ಓಗ್ಲಿ. ವಾರಾ ವಾರಾ ಅಂದ್ರೆ ಎಂಗೆ? ಗೂಡು ಜೋಡಿಸೋ ಟೈಮು. ಜೋಡೀಲಿ ಒಂದೆತ್ತು ಮನೀಕಂಡ್ರೆ ಇನ್ನೊಂದೆತ್ತು ಒಬ್ಬಂಟಿ ಉಳುತ್ತಾ, ನೀವೇ ಏಳಿ.’

ಹುಡುಗಿಯ ಗಂಡ ಕೆಸರಿನ ಗುಂಡಿಯಲ್ಲಿ ನಿಂತು ತಲೆ ತಗ್ಗಿಸಿದ. ನರ್ಸಮ್ಮನ ಮುಖ ಕೆಂಪಾಯಿತು, ಮೂರೂ ಭಾಷೆ ಒಟ್ಟಿಗೆ ಬರುವ ಹೊತ್ತು ಅದು. ಅಷ್ಟರಲ್ಲಿ ನಾನು ಏನೋ ಅಂದೆ. ಯಾರಿಗೂ ಕೇಳಿಸಲಿಲ್ಲ. ಹುಡುಗಿ ಮಾತ್ರ ನನ್ನ ಬಾಯಿ ಅಲ್ಲಾಡಿದ್ದು ನೋಡಿ, ‘ಯವ್ವ ಏನೋ ಅಂದಳ್ರಿ’ ಎಂದು ಎಲ್ಲರನ್ನೂ ನನ್ನ ಕಡೆ ತಿರುಗಿಸಿಬಿಟ್ಟಳು.

ಇನ್ನು ದಾರಿ ಇರಲಿಲ್ಲ. ನೆಲ ನೋಡುತ್ತ ಹೇಳಿದೆ: ‘ಒಂದೆತ್ತು ಮನೀಕಂಡ್ರೆ ಪಕ್ಕದ ಮನೆ ಎತ್ತು ತಂದು ಕಟ್ತೀವಲ್ಲಪ್ಪ. ಮುಯ್ಯಿಗೆ. ನಾವ್ ಬತ್ತೀವಿ.’

ಮುಯ್ಯಿ ಎಂದರೆ ನಿಮಗೆ ತಿಳಿಯದಿರಬಹುದು, ಈಗ ಅದು ಕಡಿಮೆಯಾಗಿದೆ. ಇವತ್ತು ನಾನು ನಿನ್ನ ಹೊಲಕ್ಕೆ ಬರುತ್ತೇನೆ, ನಾಳೆ ನೀನು ನನ್ನ ಹೊಲಕ್ಕೆ ಬಾ. ಕೂಲಿ ಇಲ್ಲ, ಮಧ್ಯಾಹ್ನಕ್ಕೆ ಮುದ್ದೆ ಸಾರು ಅಷ್ಟೆ. ಕಳೆ ತೆಗೆಯುವುದೂ ಕೊಯ್ಯುವುದೂ ಹೀಗೆಯೇ ನಡೆಯುತ್ತಿತ್ತು. ಹಾಗೆ ಬರುವವರಿಗೆ ಮುಯ್ಯಾಳು ಎನ್ನುತ್ತಾರೆ. ಮೇಸ್ತ್ರಿ ಕ್ಯಾಸಂಬಳ್ಳಿ ಕಡೆಯ ರೈತರ ಮನೆಯವನು, ಅವನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ‘ನೀವ್ ಇಟ್ಗೆ ಕೆಲ್ಸ ಮಾಡ್ತೀರಾ ಅಮ್ಮಾ?’ ಎಂದು ನಕ್ಕ. ಆದರೆ ಆಗುವುದಿಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ.

ಊರಿನಲ್ಲಿ ನಮ್ಮ ಕಳೆ ತೆಗೆಯುವ ಗುಂಪಿನ ಹೆಂಗಸರನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ‘ಮುಯ್ಯಿ ಅಂದ್ರೆ ತೀರಿಸ್ಬೇಕಲ್ವಾ?’ ಎಂದಳು ನಮ್ಮ ಎದುರು ಮನೆಯವಳು. ‘ಅವ್ರು ಮಳೆ ಬಿದ್ರೆ ಗಂಟು ಕಟ್ಟೋರು. ಯಾವೂರಿಗೆ ಓಗಿ ಈಸ್ಕಣಾನ?’ ಅವಳು ಹೇಳಿದ್ದು ನ್ಯಾಯ. ಮುಯ್ಯಿ ನಿಂತಿರುವುದೇ ನಾಳೆಯೂ ಇಲ್ಲೇ ಇರುತ್ತೇವೆ ಎಂಬ ನಂಬಿಕೆಯ ಮೇಲೆ. ಅತ್ತೆಯೇ ಜಗಲಿಯಿಂದ ಕೂಗಿದರು: ‘ತೀರುಸ್ದಿದ್ರೆ ನನ್ ಲೆಕ್ಕಕ್ಕೆ ಬರ್ಕಳ್ರೇ. ನಾನೂ ಮೇಲಕ್ಕೆ ಓಗೋಳೇ, ಅಲ್ಲಿಗೇನೂ ಕೇಳಕ್ ಬರಲ್ವಲ್ಲ ನೀವು.’ ಎದುರು ಮನೆಯವಳಿಗೆ ನಗು ಬಂತು. ನಗು ಬಂದ ಮೇಲೆ ಇಲ್ಲ ಎನ್ನಲಾಗಲಿಲ್ಲ. ಅವಳ ಜೊತೆ ಇನ್ನೊಬ್ಬಳೂ ಬಂದಳು.

ಆಸ್ಪತ್ರೆಯ ದಿನ ಹುಡುಗಿ ನರ್ಸಮ್ಮನೊಂದಿಗೆ ಬಸ್ಸು ಹತ್ತಿದಳು. ನಾವು ಗೂಡಿಗೆ ಇಳಿದೆವು. ಅಚ್ಚಿಗೆ ಕೈ ಹಾಕುವುದು ಬೇಡ, ಮಣ್ಣು ಹೊತ್ತು ಕೊಡಿ, ಆಮೇಲೆ ಆ ಸಾಲಿನ ಇಟ್ಟಿಗೆಗಳನ್ನು ಮಗುಚಿ ನಿಲ್ಲಿಸಿ ಎಂದು ಹುಡುಗಿಯ ಗಂಡ ಹೇಳಿದ. ಬಿಸಿಲಿನಲ್ಲಿ ಅರ್ಧ ಒಣಗಿದ ಇಟ್ಟಿಗೆಯನ್ನು ಎತ್ತಿ ಒಂದು ಮಗ್ಗುಲಿನ ಮೇಲೆ ನೆಟ್ಟಗೆ ನಿಲ್ಲಿಸುವುದು, ಅಷ್ಟೆ ಕೆಲಸ. ನಾವು ಮೂವರೂ ಹುಟ್ಟಿದಾಗಿನಿಂದ ಬೆರಣಿ ತಟ್ಟಿದವರು. ಬೆರಣಿ ಒಣಗಿಸುವಾಗ ಎರಡೆರಡನ್ನು ಒಂದಕ್ಕೊಂದು ಒರಗಿಸಿ ಗುಡಾರದ ಹಾಗೆ ನಿಲ್ಲಿಸುತ್ತೇವೆ, ಒಳಗೆ ಗಾಳಿ ಆಡಲಿ ಎಂದು. ಯಾರೂ ಯಾರನ್ನೂ ಕೇಳಲಿಲ್ಲ, ಮೂವರ ಕೈಯೂ ತಾನಾಗಿ ಹಾಗೆಯೇ ನಡೆಯಿತು. ಹಾಡು ಹೇಳಿಕೊಂಡು ಇಡೀ ಸಾಲನ್ನು ಚೆಂದವಾಗಿ ಗುಡಾರ ಕಟ್ಟಿ ನಿಲ್ಲಿಸಿ, ಸೊಂಟ ಹಿಡಿದುಕೊಂಡು ನೋಡಿ ಹೆಮ್ಮೆಪಟ್ಟೆವು.

ಸಂಜೆಯ ಹೊತ್ತಿಗೆ ಇಟ್ಟಿಗೆಗಳೆಲ್ಲ ನಡುವಿಗೆ ಬಾಗಿದ್ದವು. ಬೆರಣಿ ಹಗುರ, ಇಟ್ಟಿಗೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ.

ಮೇಸ್ತ್ರಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. ‘ಏನಮ್ಮಾ, ಗೂಡಿಗೆ ಆಕೋಕಾ ಇವು, ಒಲೆಗಾ?’ ಎಂದ. ಎದುರು ಮನೆಯವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗಂತೂ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆ ಹುಡುಗಿಗೆ ಉಪಕಾರ ಮಾಡಲು ಹೋಗಿ ಅವಳ ಜೋಡಿಯ ಒಂದು ದಿನದ ದುಡಿಮೆಯನ್ನೇ ಮಣ್ಣು ಮಾಡಿದ್ದೆವು.

ಅಷ್ಟರಲ್ಲಿ ಹುಡುಗಿ ಬಸ್ಸಿಳಿದು ಬಂದಳು. ಸಾಲು ನೋಡಿದಳು, ನಮ್ಮ ಮುಖ ನೋಡಿದಳು, ಹೊಟ್ಟೆ ಹಿಡಿದುಕೊಂಡು ಅಲ್ಲೇ ಕೂತು ನಕ್ಕಳು. ‘ನಗಸಬ್ಯಾಡ್ರಿ ಯವ್ವಾ, ಇಲ್ಲೇ ಹೆತ್ತುಬಿಡ್ತೀನಿ,’ ಎಂದಳು. ಆಮೇಲೆ ಗೂಡಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಕೈ ಹಿಡಿದು ಕಲಿಸಿದರು. ಹೀಗೆ ಎತ್ತಬೇಕು, ಹೀಗೆ ನೆಟ್ಟಗೆ ಇಡಬೇಕು, ನಡುವೆ ಇಷ್ಟು ಸಂದು ಬಿಡಬೇಕು. ಅವತ್ತು ಅವರೊಂದು ಮಾತು ಮಾಡಿಕೊಂಡರು. ಇನ್ನು ಮುಂದೆ ಯಾರಿಗೆ ಆಸ್ಪತ್ರೆಯ ದಿನವಿದೆಯೋ ಅವರ ಸಾಲನ್ನು ಉಳಿದ ಜೋಡಿಗಳೂ ನಾವೂ ಸೇರಿ ಮುಗಿಸುವುದು. ನಮ್ಮ ಇಟ್ಟಿಗೆ ಕೆಟ್ಟಿತು ನಿಜ. ಆದರೆ ಅಲ್ಲಿಯವರೆಗೆ ಅವರಲ್ಲಿಯೂ ಒಂದು ಜೋಡಿಯ ಕೆಲಸಕ್ಕೆ ಇನ್ನೊಂದು ಜೋಡಿ ಕೈ ಹಾಕುತ್ತಿರಲಿಲ್ಲವಂತೆ. ನಮ್ಮ ಅವಸ್ಥೆ ನೋಡಿ ಅವರಿಗೇ ಮರುಕ ಬಂದಿರಬೇಕು.

ಆ ಮೇಲೆ ಹುಡುಗಿ ಒಂದು ವಾರವೂ ತಪ್ಪಿಸಲಿಲ್ಲ. ನರ್ಸಮ್ಮ ಬರಲಾಗದ ದಿನ ನಾನು ಜೊತೆಗೆ ಹೋದೆ. ಮಾತ್ರೆ ನುಂಗಿದಳು, ಉಪ್ಪು ಬಿಟ್ಟಳು, ಮಣ್ಣು ಹೊರುವುದು ಬಿಟ್ಟಳು. ಒಂದು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ ಅವಳೇ ಮಾತು ತೆಗೆದಳು: ‘ಸಿಸ್ಟರ್, ಈ ಕೂಸು ಆದ ಮ್ಯಾಲ ಲಗೂನ ಇನ್ನೊಂದು ಬ್ಯಾಡ್ರಿ. ಏನಾರ ಮಾಡ್ತಾರಂತಲ್ರಿ.’ ನರ್ಸಮ್ಮ ಇರುವ ದಾರಿಗಳನ್ನೆಲ್ಲ ಹೇಳಿದರು. ಗುಳಿಗೆ ಇದೆ, ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ, ಹೆರಿಗೆಯಾದ ಕೂಡಲೇ ಆಸ್ಪತ್ರೆಯಲ್ಲೇ ಒಳಗೆ ಇಡುವ ವಂಕಿ ಇದೆ, ಬೇಕೆಂದಾಗ ತೆಗೆಸಿಕೊಳ್ಳಬಹುದು. ಪ್ರತಿಯೊಂದರ ಕಷ್ಟಸುಖ ಎರಡನ್ನೂ ಹೇಳಿ, ಯಾವುದು ಎಂದು ನೀನೇ ನಿಧಾನವಾಗಿ ಯೋಚಿಸು ಎಂದರು. ಊರೂರು ತಿರುಗುವವಳಿಗೆ ವಂಕಿಯೇ ಸರಿ ಎಂದು ಹುಡುಗಿ ಲೆಕ್ಕ ಹಾಕಿದಳು. ನಾನು ಬಾಯಿ ತಡೆಯಲಾರದೆ, ‘ನಿನ್ ಗಂಡನ್ನ ಒಂದ್ಮಾತು ಕೇಳ್ಬೇಡ್ವೇನಮ್ಮಾ?’ ಎಂದೆ.

‘ಹೇಳ್ತೀನ್ರಿ ಯವ್ವಾ. ಕೇಳೂದೇನದ?’ ಎಂದಳು. ‘ಹೊರಾಕಿ ನಾ ಅಲ್ಲೇನ್ರಿ?’

ನಾನು ಸುಮ್ಮನೆ ಅವರೆಕಾಯಿಗೆ ಕೈ ಹಾಕಿದೆ. ಅವಳ ವಯಸ್ಸಿನಲ್ಲಿ ಆ ಮಾತು ನನ್ನ ಮನಸ್ಸಿಗೇ ಬಂದಿರಲಿಲ್ಲ. ಸಂಜೆ ಅವಳು ಗಂಡನಿಗೆ ಹೇಳಿದಳಂತೆ, ಅವನು ಹೂಂ ಎಂದನಂತೆ.

ಮಾವಿನ ಹೀಚು ಉದುರುವ ಹೊತ್ತಿಗೆ ಡಾಕ್ಟರು ಅವಳನ್ನು ಸೇರಿಸಿಕೊಂಡರು. ಬಿಪಿ ಏರುತ್ತಿದೆ, ಇನ್ನು ಕಾಯುವುದು ಬೇಡ, ನಾವೇ ನೋವು ಬರಿಸುತ್ತೇವೆ ಎಂದರು. ಅದೇ ವಾರ ಗೂಡಿಗೆ ಬೆಂಕಿ ಇಡುವುದಿತ್ತು, ಗಂಡ ಬಿಟ್ಟು ಬರುವ ಹಾಗಿರಲಿಲ್ಲ. ಜೊತೆಗೆ ನಾನು ಹೋದೆ. ಹೆರಿಗೆ ವಾರ್ಡಿನ ಬಾಗಿಲಲ್ಲಿ, ‘ನೀವು ಇವ್ರಿಗೆ ಏನಾಗ್ಬೇಕು?’ ಎಂದು ಕೇಳಿದರು. ನಾನು ಹಾಲಿನ ಮನೆಯವಳು ಎಂದು ಹೇಳುವುದೋ ಏನೋ ಎಂದು ಒದ್ದಾಡುತ್ತಿರುವಾಗ ಹುಡುಗಿ ಮಂಚದ ಮೇಲಿನಿಂದಲೇ, ‘ನಮ್ಮವ್ವ ಅದಾಳ್ರಿ, ಒಳಗ ಬಿಡ್ರಿ,’ ಎಂದಳು. ಬಿಟ್ಟರು.

ನೋವು ತಿನ್ನುವಾಗಲೂ ಅವಳು ಕೇಳುತ್ತಿದ್ದುದು ಒಂದೇ ಮಾತು: ‘ಕೂಸಿನ ಎದಿ ಬಡೀಲಿಕತ್ತದೇನ್ರಿ?’ ಅಲ್ಲಿನ ಡಾಕ್ಟರಮ್ಮ ಬೇಸರಪಡದೆ ಪ್ರತಿ ಸಲವೂ ಯಂತ್ರ ಇಟ್ಟು ಆ ಸದ್ದನ್ನು ಅವಳಿಗೆ ಕೇಳಿಸಿದರು. ಕುದುರೆ ಓಡುವ ಹಾಗೆ ಟಕಟಕ ಎನ್ನುತ್ತಿತ್ತು. ನಾನು ಅವಳ ಬೆನ್ನು ಒತ್ತುತ್ತ ನಿಂತಿದ್ದೆ. ಹುಡುಗಿಯೇ ನಡುನಡುವೆ, ‘ಮುಂಜಾನಿಂದ ನಿಂತೀರಿ, ಕೂಡ್ರಿ ಯವ್ವಾ’ ಎಂದು ನನಗೆ ಹೇಳಿದಳು. ಮಧ್ಯಾಹ್ನ ಊಟದ ಹೊತ್ತು ಮೀರಿದ ಮೇಲೆ ಹೆಣ್ಣು ಮಗು ಹುಟ್ಟಿತು. ಹುಟ್ಟಿದ ಕೂಡಲೇ ಅಳಲಿಲ್ಲ. ಅವರು ಬೆನ್ನು ಉಜ್ಜಿದರು, ಮೂಗು ಬಾಯಿ ಶುದ್ಧ ಮಾಡಿದರು. ಆಮೇಲೆ ಅತ್ತಿತು, ವಾರ್ಡಿನಾಚೆಗೂ ಕೇಳುವ ಹಾಗೆ. ಹುಡುಗಿ ಮಗುವನ್ನು ಎದೆಯ ಮೇಲೆ ಹಾಕಿಸಿಕೊಂಡು ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ ಡಾಕ್ಟರಮ್ಮನಿಗೆ ಮೊದಲು ಹೇಳಿದ್ದು, ‘ವಂಕಿ ಮರೀಬ್ಯಾಡ್ರಿ.’

ನರ್ಸಮ್ಮ ಸಂಜೆ ಕೆಲಸ ಮುಗಿಸಿ ನೇರವಾಗಿ ಅಲ್ಲಿಗೆ ಬಂದರು. ಮಗುವನ್ನು ಎತ್ತಿಕೊಂಡು ತೆಲುಗಿನಲ್ಲಿ ಏನೇನೋ ಮುದ್ದು ಮಾಡಿ, ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ಬಾಗಿಲಿಲ್ಲದ ಗುಡಿಸಲಿಗೆ ಬಾಣಂತಿಯನ್ನು ಕಳಿಸಲು ಅತ್ತೆ ಒಪ್ಪಲಿಲ್ಲ. ‘ತೌರುಮನೆ ದೂರ ಆದ್ರೆ ಅತ್ರದ ಮನೇನೇ ತೌರು,’ ಎಂದರು. ಬಾಣಂತಿಗೆ ದಿನವೂ ಸುಡುಸುಡು ನೀರು ಬೇಕು, ನಮ್ಮ ಹಳೆಯ ಒಲೆ ಬಿರುಕು ಬಿಟ್ಟಿತ್ತು. ನಾವು ಬಾಗಿಸಿದ ಇಟ್ಟಿಗೆಗಳನ್ನು ಮೇಸ್ತ್ರಿ ಎಸೆಯದೆ ಗೂಡಿನ ಮೇಲ್ಸಾಲಿನಲ್ಲಿ ಇಟ್ಟು ಸುಡಿಸಿದ್ದ. ಹುಡುಗಿಯ ಗಂಡ ಅವನ್ನು ಹೊತ್ತು ತಂದು ನೀರೊಲೆ ಕಟ್ಟಿದ. ಸೊಟ್ಟ ಇಟ್ಟಿಗೆಗೆ ಸೊಟ್ಟ ಇಟ್ಟಿಗೆ ಹೊಂದಿಸುವುದು ಸುಲಭವಲ್ಲ, ಆದರೂ ಅದರ ಮೇಲಿನ ಹಂಡೆ ಇವತ್ತಿಗೂ ಅಲ್ಲಾಡದೆ ಕೂತಿದೆ. ಬಾಣಂತಿಗೆ ನೀರು ಕುಡಿಸಬಾರದು ಎಂದು ಅತ್ತೆ, ಚೆನ್ನಾಗಿ ಕುಡಿಯಬೇಕು ಎಂದು ನರ್ಸಮ್ಮ. ಆ ಜಗಳದಲ್ಲಿ ಮಾತ್ರ ಅತ್ತೆ ಸೋತರು. ‘ಕುಡೀಲಿ ಬುಡು, ಕೆರೆ ನನ್ದಾ?’ ಎಂದು ಮುಖ ತಿರುಗಿಸಿದರು.

ಮುಂಗಾರಿನ ಮೊದಲ ಮೋಡ ಕಂಡಾಗ ಅವರೆಲ್ಲ ಹೊರಟರು. ಹುಡುಗಿ ಮಗುವನ್ನು ಮಡಿಲಲ್ಲಿ ಕಟ್ಟಿಕೊಂಡು ಅತ್ತೆಯ ಕಾಲಿಗೆ ಬಿದ್ದಳು, ಬಸ್ಸು ಹತ್ತಿದಳು. ‘ಓದ್ರು ನಿನ್ ಮುಯ್ಯಾಳ್ಗಳು,’ ಎಂದು ಎದುರು ಮನೆಯವಳು ನನ್ನನ್ನು ಚುಚ್ಚಿದಳು. ನನಗೆ ಬೇಸರವಾಗಲಿಲ್ಲ. ಮಗುವಿನ ಅಳು ನನ್ನ ಕಿವಿಯಲ್ಲಿತ್ತು, ನನ್ನ ಪಾಲಿಗೆ ಮುಯ್ಯಿ ಆವತ್ತೇ ತೀರಿತ್ತು.

ಆ ವರ್ಷ ರಾಗಿ ಚೆನ್ನಾಗಿ ಬಂದಿತ್ತು. ಕೊಯ್ಲಿಗೆ ಆಳು ಹುಡುಕುತ್ತಿದ್ದೆ. ಒಂದು ಬೆಳಗ್ಗೆ ಹಾಲು ಕರೆದು ಎದ್ದರೆ ಬಾಗಿಲಲ್ಲಿ ಆ ಹುಡುಗಿ, ಸೊಂಟದ ಮೇಲೆ ಮಗು. ಹಿಂದೆ ಗೂಡಿನ ಹೆಂಗಸರ ಸಾಲು. ರಾತ್ರಿ ಲಾರಿಯಲ್ಲಿ ಬಂದು ಇಳಿದಿದ್ದರಂತೆ, ಇನ್ನೂ ಗಂಟು ಬಿಚ್ಚಿರಲಿಲ್ಲ. ‘ಹೊಲ ಎಲ್ಲದ ತೋರಸ್ರಿ ಯವ್ವಾ, ಮುಯ್ಯಿ ಬಂದೀವಿ,’ ಎಂದಳು. ಮಗುವನ್ನು ಅತ್ತೆಯ ತೊಡೆಯ ಮೇಲೆ ಕೂರಿಸಿ ಹೊರಟೇ ಬಿಟ್ಟಳು. ಹಸುಗಳಿಗೆ ಮೇವು ಹಾಕಿ, ಎದುರು ಮನೆಯವಳನ್ನೂ ಕರೆದುಕೊಂಡು, ಕುಡುಗೋಲುಗಳನ್ನು ಎತ್ತಿಕೊಂಡು ನಾನು ಹೊಲಕ್ಕೆ ಹೋಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು.

ಅವರ ಸೀಮೆಯಲ್ಲಿ ಜೋಳವನ್ನು ಬೇರುಸಮೇತ ಕೀಳುತ್ತಾರೆ. ನಮ್ಮ ರಾಗಿಯನ್ನೂ ಹಾಗೆಯೇ ಕಿತ್ತು, ಮಣ್ಣಿನ ಹೆಂಟೆ ನೇತಾಡುವ ಹಾಗೆ ಸಾಲಾಗಿ ಅಂದವಾಗಿ ಮಲಗಿಸಿ, ಸೊಂಟ ಹಿಡಿದುಕೊಂಡು ನಿಂತಿದ್ದರು.

ಎದುರು ಮನೆಯವಳು ಹಣೆಗೆ ಕೈ ಹೊಡೆದುಕೊಂಡಳು. ಆಮೇಲೆ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಆ ಗುಡಾರದ ಸಾಲು ನೆನಪಾಯಿತು. ‘ಈ ಸಲ ನೀವ್ ಕಲಸ್ರಿ,’ ಎಂದು ಹುಡುಗಿ ನನ್ನ ಕೈಯಿಂದ ಕುಡುಗೋಲು ತೆಗೆದುಕೊಂಡಳು. ಉಳಿದರ್ಧವನ್ನು ನಮ್ಮ ರೀತಿಯಲ್ಲಿ ಕೊಯ್ದೆವು. ಆ ಗುಂಪಿನಲ್ಲಿ ಒಬ್ಬಳಿಗೆ ಹೊಸದಾಗಿ ಬಸಿರು. ಅವಳು ಬಾಯಿ ಬಿಡುವ ಮೊದಲೇ ಹುಡುಗಿ ಅವಳ ಸಾಲನ್ನು ತನ್ನ ಸಾಲಿಗೆ ಸೇರಿಸಿಕೊಂಡು, ‘ಸಂತಿ ದಿವಸ ಮಧ್ಯಾಹ್ನ ಈ ಯವ್ವನ ಮನಿಗೆ ನಡಿ. ಒಳಗ ಗಂಡಸ್ರು ಅದಾರ, ಟವೆಲ್ ಹೊಚ್ಚಿದ್ರ ಸುಮ್ನಿರ್ತಾರ,’ ಎಂದು ಹೇಳುತ್ತಿದ್ದುದು ನನಗೆ ಕೇಳಿಸಿತು.

ಬೇರಿನ ಮಣ್ಣೆಲ್ಲ ಕಣಕ್ಕೆ ಬಂದು ಆ ವರ್ಷದ ರಾಗಿಯಲ್ಲಿ ಸಣ್ಣ ಕಲ್ಲು ಬಹಳ. ಎಷ್ಟು ಕೇರಿದರೂ ಉಳಿಯುತ್ತಿತ್ತು. ಮುದ್ದೆ ಬಡಿಸುವಾಗ ನಾನು ಅತ್ತೆಗೆ, ‘ನೋಡ್ಕಂಡು ಉಣ್ಣಿ, ಕಲ್ಲೈತೆ’ ಎಂದೆ. ಅವರು ಮಡಿಲಲ್ಲಿದ್ದ ಮಗುವನ್ನು ಒಂದು ಕೈಯಲ್ಲಿ ಸರಿಸಿ, ಇನ್ನೊಂದು ಕೈಯಲ್ಲಿ ತುತ್ತು ಮುರಿದು ಸಾರಿನಲ್ಲಿ ಹೊರಳಿಸಿದರು.

‘ಮುದ್ದೆ ನುಂಗೋದಲ್ವೇನೇ,’ ಎಂದರು. ‘ಅಗಿಯೋರ್ಗೆ ತಾನೇ ಕಲ್ಲು.’